ಕೆಂಪಾಗದ ಟ್ಯಾಂಕು

ಆಸ್ಪತ್ರೆಯಿಂದ ಮರಳಿದವಳೇ ಅವಳು ಟ್ಯಾಂಕಿನ ಗಾಜಿನ ಕಿಂಡಿಗೆ ಕಣ್ಣಿಟ್ಟಳು. ಒಳಗೆ ಕೆಂಪು ಇರಬೇಕಾಗಿತ್ತು. ಇದ್ದದ್ದು ಬೆಳ್ಳಗಿನ ಗಂಜಿ, ದಪ್ಪಗೆ, ಕಂಠಮಟ್ಟ.

ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೊರಟಾಗ ಅವಳು ಅಣ್ಣನಿಗೆ ಹೇಳಿದ್ದು ಒಂದೇ ಮಾತು: ಏನೂ ಮಾಡಬೇಡ. ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಅವರು ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ವ್ಯವಹಾರ ಅಣ್ಣನದು, ಜೀವಕೋಶಗಳು ಅವಳವು. ಒಂದು ಗಿಡದ ಬೇರಿನಿಂದ ತೆಗೆದ ಆ ಕೋಶಗಳು ಮಣ್ಣಿಲ್ಲದೆ, ಬಿಸಿಲಿಲ್ಲದೆ, ಸಕ್ಕರೆ ಬೆರೆಸಿದ ನೀರಿನಲ್ಲಿ ಬದುಕುತ್ತಿದ್ದವು. ಅವು ಕೊಡುವ ಕೆಂಪು, ಸುಟ್ಟಗಾಯದ ಮುಲಾಮಿಗೆ ಮದ್ದು. ಎಲ್ಲ ಕೋಶಗಳೂ ಅದನ್ನು ಕೊಡುವುದಿಲ್ಲ. ಕೊಡುವ ಈ ಒಂದು ವಂಶವನ್ನು ಹುಡುಕಿ, ಅವಳು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದಳು.

ಲೆಕ್ಕ ಸರಳ. ಮೊದಲ ನೀರಿನಲ್ಲಿ ಬೆಳವಣಿಗೆಯ ಹಾರ್ಮೋನು ಇರುತ್ತದೆ. ಅದರಲ್ಲಿ ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ಆದರೆ ಮದ್ದು ಹುಟ್ಟುವುದಿಲ್ಲ. ಹಾರ್ಮೋನನ್ನು ತೊಳೆದು ಎರಡನೆಯ ನೀರಿಗೆ ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ. ಕೋಶಗಳು ಸೊರಗಿ, ಸತ್ತೇ ಹೋದವೇನೋ ಎಂಬಂತೆ ಕಂದುತ್ತವೆ. ಕೆಂಪು ಬರುವುದು ಆಮೇಲೆ. ನಡುವಿನ ದಿನಗಳಲ್ಲಿ ಕೈಕಟ್ಟಿ ಕೂರುವುದೇ ಕೆಲಸ.

ಕೈಕಟ್ಟಿ ಕೂರುವುದು ಅಣ್ಣನ ಜಾಯಮಾನದಲ್ಲಿರಲಿಲ್ಲ. ಕಂದಿದ ಕೋಶಗಳನ್ನು ಕಂಡು ಅವನು ಹೆದರಿದ್ದ. ಹಾರ್ಮೋನು ಸುರಿದಿದ್ದ, ಅದೂ ದುಪ್ಪಟ್ಟು. ಸಾಲದೆಂದು, ಮುಂದಿನ ಸಲದ ಬೀಜಕ್ಕೆಂದು ಅವಳು ಕೋಶಗಳನ್ನು ಎತ್ತಿಟ್ಟಿದ್ದ ಫ್ಲಾಸ್ಕುಗಳನ್ನೂ ಟ್ಯಾಂಕಿಗೆ ಬೆರೆಸಿಬಿಟ್ಟಿದ್ದ. ಆ ವಂಶ ಈಗ ಆ ಗಂಜಿಯ ಹೊರಗೆ ಎಲ್ಲಿಯೂ ಇರಲಿಲ್ಲ. ಆ ಹಾರ್ಮೋನಿನಲ್ಲೇ ಹೆಚ್ಚು ದಿನ ಬಿದ್ದಿದ್ದರೆ ಮದ್ದು ಮಾಡುವುದನ್ನು ಅದು ಮರೆತೇಬಿಟ್ಟಿರಲೂಬಹುದು.

"ಸಾಯ್ತಾ ಇದ್ವು ಪುಟ್ಟಿ, ನೋಡ್ಕೊಂಡು ಹೆಂಗೆ ಸುಮ್ನಿರ್ಲಿ?" ಎಂದ ಅಣ್ಣ. "ಈಗ ನೋಡು, ತೂಕ ಎರಡರಷ್ಟಾಗಿದೆ."

"ಸೊನ್ನೇನ ಎರಡರಿಂದ ಗುಣಿಸು ಅಣ್ಣಾ. ಎಷ್ಟಾಯ್ತು?"

ಮಹಡಿಯ ಮೇಲೆ ಅಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ವಿಷಯ ಕೇಳಿ, ಅವನು ಒಳ್ಳೆಯದಕ್ಕೇ ಮಾಡಿದ್ದಾನೆಂದೂ ಒಡಹುಟ್ಟಿದವರು ಹೀಗೆ ಕಚ್ಚಾಡಬಾರದೆಂದೂ ಬುದ್ಧಿ ಹೇಳಿದಳು. ಮಗಳಿಗೆ ಸಿಟ್ಟು ನೆತ್ತಿಗೇರಿತು.

"ನೀನೂ ಅವನಿಗೆ ಮಾಡಿದ್ದು ಇದನ್ನೇ ಅಮ್ಮಾ. ಮುಖ ಬಾಡಿದಾಗೆಲ್ಲ ಬಾಯಿಗೆ ತುರುಕಿದೆ. ಮೈ ಬೆಳೀತು."

ಅಮ್ಮ ಉಳಿದ ಕಣ್ಣನ್ನೂ ಮುಚ್ಚಿಕೊಂಡಳು.

ಅಲ್ಲಿಯವರೆಗಿನದನ್ನು ದಡ್ಡತನವೆಂದು ನುಂಗಿಕೊಳ್ಳಬಹುದಿತ್ತು. ಅವಳು ಕೆಳಗಿಳಿದು ಬಂದಾಗ ಅಣ್ಣ ಮೇಜಿನ ಮೇಲೆ ಒಂದು ಪೊಟ್ಟಣ ಬಿಚ್ಚುತ್ತಿದ್ದ. ಅಂಗಡಿಯ ಕೆಂಪು ಬಣ್ಣ. ಮುಲಾಮಿನ ಕಂಪನಿಯವರು ಮರುದಿನ ಬರುವವರಿದ್ದರು. ಮೊದಲ ಸಲದ ಸರಕನ್ನು ಅವರು ಬಣ್ಣ ನೋಡಿಯೇ ಒಯ್ಯುತ್ತಾರೆಂದು ಅವನು ವಿವರಿಸಿದ. ಇದೊಂದು ಸಲ ಮಾತ್ರ.

"ಯಾರಿಗೂ ಗೊತ್ತಾಗಲ್ಲ," ಎಂದ.

"ಸುಟ್ಕೊಂಡೋರಿಗೆ ಗೊತ್ತಾಗತ್ತೆ."

ಅವಳು ಕೈ ತೊಳೆದು, ಶುದ್ಧಗಾಳಿಯ ಪೆಟ್ಟಿಗೆಯ ಮುಂದೆ ಕೂತು, ಟ್ಯಾಂಕಿನಿಂದ ತೆಗೆದ ಒಂದಿಷ್ಟು ಕೋಶಗಳನ್ನು ಜಾಲರಿಯ ಮೇಲೆ ಮತ್ತೆ ಮತ್ತೆ ತೊಳೆದಳು. ಎರಡನೆಯ ನೀರಿದ್ದ ಫ್ಲಾಸ್ಕಿಗೆ ಅವನ್ನು ಸೇರಿಸಿ ಅದರ ಬಾಯಿ ಮುಚ್ಚಿದಳು. ಅನಂತರ ಎದ್ದು ಹೋಗಿ ಟ್ಯಾಂಕಿಗೆ ಹಬೆ ಬಿಡುವ ತಿರುಪಿಗೆ ಕೈ ಹಾಕಿದಳು. ಅಣ್ಣ ಅವಳ ಮುಂಗೈ ಹಿಡಿದ. ಅವಳು ಅವನ ಮುಖ ನೋಡಿದಳು. ಅವನು ಕೈ ಬಿಟ್ಟ. ಗಂಜಿ ಈಗ ನಿಜವಾಗಿಯೂ ಬೆಂದಿತು. ಬಣ್ಣ ಬಳಿಯಲು ಅವನಿಗೆ ಏನೂ ಉಳಿಯಲಿಲ್ಲ.

ಕಂಪನಿಯವರಿಗೆ ಅವಳೇ ಖಾಲಿ ಟ್ಯಾಂಕು ತೋರಿಸಿ, ಸರಕು ಕೆಟ್ಟಿತು, ಕಾಯಬೇಕು ಎಂದಳು. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಹೊರಟುಹೋದರು.

ಹಾರ್ಮೋನಿನ ಬೀರುವಿಗೆ ಬೀಗ ಬಿತ್ತು; ಕೀಲಿ ಅವಳ ಕೊರಳಿಗೇರಿತು. ಕತ್ತಲ ಮೂಲೆಯಲ್ಲಿ, ಸದಾ ಅಲುಗಿಸುವ ಶೇಕರಿನ ಮೇಲೆ ಆ ಒಂದು ಫ್ಲಾಸ್ಕು ತಿರುಗುತ್ತಿತ್ತು. ಕೋಶಗಳು ಸೊರಗಿದವು, ಕಂದಿದವು. ದಿನಾ ಬೆಳಿಗ್ಗೆ ಅಣ್ಣ ಹೊಸ್ತಿಲಲ್ಲಿ ನಿಂತು, ಒಂದೇ ಒಂದು ಹನಿ ಹಾಕಬಾರದೇ ಎಂದು ಕೇಳುತ್ತಿದ್ದ. ಆ ಕಂದು ಬಣ್ಣ ಹೊಸ ಹುಟ್ಟಿನದೋ ಸಾವಿನದೋ ಈ ಸಲ ಅವಳಿಗೂ ತಿಳಿಯದು; ಅದನ್ನು ಅವನ ಮುಂದೆ ಹೇಳಲು ಮನಸ್ಸಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ, ಫ್ಲಾಸ್ಕಿನ ತಳದಲ್ಲಿ ಸಾಸಿವೆಯಷ್ಟು ಕೆಂಪು. ವಂಶ ಉಳಿದಿತ್ತು. ಹಿಗ್ಗಬೇಕಾಗಿದ್ದ ಹೊತ್ತಿನಲ್ಲಿ ಅವಳಿಗೆ ಬೇಯಿಸಿ ಚೆಲ್ಲಿದ ಗಂಜಿ ನೆನಪಾಗಿ ಹೊಸದಾಗಿ ಸಿಟ್ಟು ಬಂತು. ಅಣ್ಣನನ್ನು ಕರೆದು, ಫ್ಲಾಸ್ಕನ್ನು ಬೆಳಕಿಗೆ ಹಿಡಿದಳು.

"ಕೆಂಪಗಿರೋದು ಎಷ್ಟಿದೆ, ಎಣಿಸು."

"ಒಂದು," ಎಂದ ಅವನು, ಮುಖ ಅರಳಿತ್ತು.

"ಟ್ಯಾಂಕಲ್ಲಿ ಎಷ್ಟಾಗ್ತಿತ್ತು?"

ಅವನ ಮುಖ ಇಳಿಯಿತು. ಅವಳು ಫ್ಲಾಸ್ಕನ್ನು ಮೂಲೆಗೆ ಒಯ್ದಿಟ್ಟು, ಕೊರಳ ಕೀಲಿಯನ್ನು ರವಿಕೆಯೊಳಗೆ ಸೇರಿಸಿ, ಕೈಕಟ್ಟಿ ಕೂತಳು.