ಮ್ಯಾನ್‌ಹೋಲ್ ಕಾವಲು

ಮಾವ ಮುನಿಸ್ವಾಮಪ್ಪನವರು ಹದಿನೇಳು ವರ್ಷ ಕೆಜಿಎಫ್ ಗಣಿಯೊಳಗೆ ದುಡಿದವರು. ಗಣಿ ಮುಚ್ಚಿದ ಮೇಲೆ ಕಾರ್ಖಾನೆಗಳ ಟ್ಯಾಂಕ್ ತೊಳೆಯುವ ಗುತ್ತಿಗೆ ಕೆಲಸ ಹಿಡಿದರು. ಮಗ ಕಾಂತರಾಜನನ್ನೂ, ಅವನನ್ನು ಕಟ್ಟಿಕೊಂಡ ತಪ್ಪಿಗೆ ನನ್ನನ್ನೂ ಅದಕ್ಕೇ ಎಳೆದರು.

ಈ ಸಲದ ಕೆಲಸ ಬಂಗಾರಪೇಟೆ ಹೊರಗಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿ ರಿಯಾಕ್ಟರ್ ಎನ್ನುವ ಮೂರಾಳೆತ್ತರದ ಉಕ್ಕಿನ ಟ್ಯಾಂಕಿನೊಳಗೆ ಮೆಣಸಿನಕಾಳಿನಷ್ಟು ಗುಂಡುಗಳನ್ನು ತುಂಬಿರುತ್ತಾರೆ. ಕಾದ ಪ್ರೊಪೇನ್ ಅನಿಲ ಅವುಗಳ ಮೇಲೆ ಹಾಯ್ದರೆ ಪ್ಲಾಸ್ಟಿಕ್ಕಿಗೆ ಬೇಕಾದ ಬೇರೊಂದು ಅನಿಲವಾಗುತ್ತದಂತೆ. ಗುಂಡುಗಳಿಗೆ ಮಸಿ ಹಿಡಿದು ಶಕ್ತಿ ಕುಂದಿದಾಗ ಖಾಲಿ ಮಾಡಬೇಕು. ಗಾಳಿ ತಾಗಿದರೆ ಹೊತ್ತಿಕೊಂಡಾವೆಂದು ಒಳಗೆಲ್ಲ ನೈಟ್ರೋಜನ್ ತುಂಬಿಸಿದ್ದರು.

"ಅದಕ್ಕೆ ವಾಸನೆಯಿಲ್ಲ. ಮಾಸ್ಕ್ ಇಲ್ಲದೆ ಎರಡು ಉಸಿರು ಎಳೆದರೆ ಆಳು ಬಿದ್ದ ಹಾಗೇ" ಎಂದು ಸೇಫ್ಟಿ ಆಫೀಸರ್ ಸುಕನ್ಯ ಮೂರು ಸಲ ಹೇಳಿದರು. ಮಾವ ಮೂರು ಸಲವೂ ಆಕಳಿಸಿದರು. ಗಣಿಯ ಕೆಟ್ಟ ಗಾಳಿ ಕುಡಿದು ಬದುಕಿದವರಿಗೆ ಯಾರು ಬುದ್ಧಿ ಹೇಳುವುದು?

ನನ್ನ ಕೆಲಸ ರಿಯಾಕ್ಟರಿನ ನೆತ್ತಿಯಲ್ಲಿ, ಆಳು ಇಳಿಯುವ ಮ್ಯಾನ್‌ಹೋಲ್ ಬಾಯಲ್ಲಿ ಕಾವಲು. ಮಾಸ್ಕ್ ಇಲ್ಲದೆ ದೇವರೇ ಬಂದರೂ ಒಳಗೆ ಬಿಡಕೂಡದು.

ಬೆಳಗ್ಗೆ ಹನ್ನೊಂದಕ್ಕೆ, ಒಳಗಿಳಿದಿದ್ದ ಕಾಂತರಾಜನ ಮಾಸ್ಕಿಗೆ ಗಾಳಿ ಕೊಡುವ ಪೈಪು ಕಳಚಿಕೊಂಡಿತು. ಬುಸ್ಸೆಂದ ಸದ್ದಿಗೆ ಬಗ್ಗಿ ನೋಡುವಷ್ಟರಲ್ಲಿ ಗುಂಡುಗಳ ಮೇಲೆ ಬೋರಲು ಬಿದ್ದಿದ್ದ. ಅಲಾರಂ ಒತ್ತಿದೆ. ಅವನ ಸೊಂಟದ ಹಗ್ಗ ಜಗ್ಗಿದರೆ ಒಳಗಿನ ಕೊಳವೆಗೆ ಸಿಕ್ಕಿಕೊಂಡಿತ್ತು. "ಗಾಳಿ ಸಿಲಿಂಡರ್ ಕಟ್ಟಿಕೊಂಡು ರೆಸ್ಕ್ಯೂನವರು ಬರ್ತಿದ್ದಾರೆ, ಯಾರೂ ಇಳೀಬೇಡಿ!" ಎಂದು ಸುಕನ್ಯ ಕೆಳಗಿನ ಅಂಗಳದಿಂದ ಕೂಗಿದರು.

ನನ್ನ ಪಕ್ಕದಲ್ಲೇ ಇದ್ದ ಮಾವ ಆಗಲೇ ಒಂದು ಕಾಲು ಒಳಗಿಟ್ಟಿದ್ದರು.

"ಬ್ಯಾಡ ಮಾವ, ಮಾಸ್ಕ್ ಇಲ್ಲ!"

"ಬಿಡಮ್ಮಿ! ಗಣೀಲಿ ಕೆಳಗೆ ಬಿದ್ದೋನ್ನ ಬಿಟ್ಟು ನಾವು ಯಾವತ್ತೂ ಮೇಲೆ ಬಂದಿಲ್ಲ. ಉಸಿರು ಕಟ್ಟಿ ಇಳೀತೀನಿ!"

ಹಿಂದಿನಿಂದ ಅವರ ಸೊಂಟ ತಬ್ಬಿದೆ. ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದರು. ತುಟಿ ಒಡೆದು ರಕ್ತ ಬಂತು. "ಪಾಪಿ, ನಿನ್ನ ಗಂಡ ಕಣೇ!" ಎಂದು ಅರಚಿದರು. ನನಗೆ ಗೊತ್ತಿರಲಿಲ್ಲವೇ? ಒಮ್ಮೆ ಕೆಳಗೆ ನೋಡಿದ್ದರೆ ನಾನೇ ಹಾರಿಬಿಡುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಹಿಡಿದೇ ಇದ್ದೆ.

ಸಿಲಿಂಡರ್‌ನವರು ಬಂದು ಇಳಿಯಲು ಆರು ನಿಮಿಷವಾಯಿತು. ಮೇಲೆ ತಂದಾಗ ಕಾಂತರಾಜನ ತುಟಿ ನೀಲಿಯಾಗಿತ್ತು. ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿದಿತ್ತು.

ಕಾಮಸಮುದ್ರದ ಕಡೆಯ ನಮ್ಮೂರಲ್ಲಿ ಬಾಯಿಗೆ ಬಂದಂತೆ ಆಡಿಕೊಂಡರು. ಗಂಡ ಸಾಯುತ್ತಿದ್ದರೆ ಮಾವನ ಸೊಂಟ ಹಿಡಿದು ನಿಂತಳಂತೆ! ಆ ನಾಲಗೆಗಳನ್ನೆಲ್ಲ ಕಿತ್ತು ಹಾಕಬೇಕೆನಿಸುತ್ತಿತ್ತು. ಅದಕ್ಕಿಂತ ಹೆಚ್ಚು ಉರಿಸಿದವರು ಮಾವ. ತಿಥಿ ಕಳೆದರೂ ಅವರು ನನ್ನ ಮುಖ ನೋಡಲಿಲ್ಲ. ಕೊನೆಗೆ ನಾನೇ ತಡೆಯಲಾರದೆ, ಮುದ್ದೆಯ ತಟ್ಟೆ ಅವರ ಮುಂದೆ ಕುಕ್ಕಿದೆ.

"ಬಿಟ್ಟಿದ್ರೆ ನೀವೂ ಅಲ್ಲೇ ಸಾಯ್ತಿದ್ರಿ ಮಾವ. ಅವರು ಅಂತೂ ಉಳೀತಿರ್ಲಿಲ್ಲ."

"ಗೊತ್ತು ಕಣಮ್ಮಿ" ಎಂದರು. ಆ ಸ್ವರದಲ್ಲಿ ಸಿಟ್ಟೇ ಇರಲಿಲ್ಲ. "ಬಿಟ್ಟಿದ್ರೆ ನನ್ನ ಮಗ ಒಬ್ನೇ ಓಗ್ತಿರ್ಲಿಲ್ಲ, ಅಷ್ಟೇಯ."