ಕಾಲೇಜಿನ ಅಂಗಳದಲ್ಲಿ ಉಡಿ ತುಂಬಿದ್ದು

ಇದು ಖರೇ ನಡೆದದ್ದು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನಮ್ಮನೆ ರೊಟ್ಟಿ ತಟ್ಟಿದಂತೆಲ್ಲ ಹರಿಯಲಿ, ಎಮ್ಮೆ ಹಿಂಡಿದರೆ ನೀರು ಬರಲಿ. ಎಂಬತ್ತೆರಡನೆಯ ಇಸವಿ, ಬೆಳಗಿನ ಹತ್ತು ಗಂಟೆ. ಬಾಗಲಕೋಟೆಯ ಒಂದು ಹಳೆಯ ಕಾಲೇಜಿನ ಅಂಗಳದಲ್ಲಿ, ಕರಿ ಕಂಬಳಿ ಹೊದ್ದ ಗುಡೂರಿನ ಲಗಮವ್ವ ಗಂಟು ಬಿಚ್ಚಿ, ಇಸ್ತ್ರಿ ಮಾಡಿಸಿದ ಅಂಗಿ ಪ್ಯಾಂಟು ಎತ್ತಿ ಹಿಡಿದು ನಿಂತಿದ್ದಳು.

"ಒಂದ ತಾಸು ಹಾಕ್ಕೊಳ್ಳೊ ಮಲಕ್ಯಾ. ಫೋಟೊ ತಗದ ಮ್ಯಾಲ ಮತ್ತ ಸೀರೀನ ಉಟ್ಕೊ. ನಾ ಬ್ಯಾಡ ಅನ್ನಂಗಿಲ್ಲ."

ಎದುರಿಗೆ ಹಸಿರು ಇಲಕಲ್ಲ ಸೀರೆ ಉಟ್ಟು, ಹಣೆ ತುಂಬ ಅರಿಶಿನದ ಭಂಡಾರ ಹಚ್ಚಿಕೊಂಡು ನಿಂತಿದ್ದ ಮಗ ತಲೆಯಲ್ಲಾಡಿಸಿದ.

"ಬ್ಯಾಡಬೇ ಯವ್ವಾ. ನಾ ಪದ್ಮವ್ವ. ಮಲಕ್ಯಾನ ಅಂಗಿ ನನಗ್ಯಾಕ?"

ಎರಡು ವರ್ಷದ ಹಿಂದೆ ಮಲಕಪ್ಪ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು ಜೋಗತಿಯಾಗಿ ಬಂದಿದ್ದ. ಲಗಮವ್ವನ ಮಗ ಓದಿ ಓದಿ ಹೆಣ್ಣಾದ ಎಂದು ಊರು ನಕ್ಕಿತು. ಲಗಮವ್ವ ಮನೆದೇವರು ಬೀರಪ್ಪನಿಗೆ ಹರಕೆ ಹೊತ್ತಳು. ಬೀರಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಗನನ್ನು ಅವಳು ಹೊರಗೆ ಹಾಕಲಿಲ್ಲ, ಉಣ್ಣಲಿಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಹೆಣ್ಣುಮಗಳು ತವರಿನಿಂದ ಹೊರಟಾಗ ಸೆರಗಿನಲ್ಲಿ ಕುಪ್ಪಸದ ಖಣ, ಕಾಯಿ, ಅಕ್ಕಿ ಹಾಕಿ ಉಡಿ ತುಂಬಿ ಕಳಿಸುತ್ತಾರಲ್ಲ, ಅದೊಂದನ್ನು ಮಾಡಲಿಲ್ಲ. ಪ್ರತಿಸಲ ಕಾಲೇಜಿಗೆ ಹೊರಡುವಾಗ ಮಗ ಹೊಸ್ತಿಲ ಬಳಿ ಸೆರಗು ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದ. ಲಗಮವ್ವ ಕೈಗೆ ರೊಟ್ಟಿ ಗಂಟು ಕೊಟ್ಟು, ಬಸ್ಸು ತಪ್ಪೀತು ಹೋಗು ಅನ್ನುತ್ತಿದ್ದಳು.

ಈಗ ಮಗ ಬಿ.ಎ.ಯಲ್ಲಿ ಇಡೀ ಕಾಲೇಜಿಗೆ ಮೊದಲ ನಂಬರು. ಪಾಸಾದವರಿಗೆ ಸರ್ಟಿಫಿಕೇಟು ಕೊಟ್ಟು, ಎಲ್ಲರನ್ನೂ ಸಾಲಾಗಿ ಕೂರಿಸಿ ನಿಲ್ಲಿಸಿ ಒಂದು ಫೋಟೊ ತೆಗೆಸಿ, ಕೆಳಗೆ ಹೆಸರು ಬರೆಸಿ ಗೋಡೆಗೆ ಹಾಕುವುದು ಅಲ್ಲಿಯ ಪದ್ಧತಿ. ಹೆಣ್ಣುಮಕ್ಕಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಗಂಡುಮಕ್ಕಳು ಹಿಂದೆ.

ಕುರ್ಚಿ ಹಾಕಿಸುತ್ತಿದ್ದವನು ಹೆಡ್ ಕ್ಲಾರ್ಕ್ ಹುಲ್ಲಪ್ಪ. ಅವನು ಬಾಗಲಕೋಟೆಯಲ್ಲಿ ಸೀನಿದರೆ ಬಾದಾಮಿಯ ಮಂಗಗಳು ಗುಡ್ಡ ಬಿಟ್ಟು ಇಳಿಯುತ್ತಿದ್ದವು, ಅಂಥ ದನಿ.

"ಏ ಮಲಕಪ್ಪ! ಇಷ್ಟು ವರ್ಷದಾಗ ಈ ಗ್ವಾಡಿ ಮ್ಯಾಲ ಇಂಥಾ ಫೋಟೊ ಒಂದೂ ಏರಿಲ್ಲ. ಪ್ಯಾಂಟ ಹಾಕ್ಕೊಂಡ ಹಿಂದಿನ ಸಾಲಿಗೆ ಬಾ, ಇಲ್ಲಾ ಗೇಟಿನ ಹೊರಗ ನಿಲ್ಲು. ಸರ್ಟಿಫಿಕೇಟ ಪೋಸ್ಟಿನ್ಯಾಗ ಬರ್ತೈತಿ."

"ಹೊರಗ ನಿಲ್ತೇನ್ರಿ ಸರ. ಸೀರಿ ಅಂತೂ ಬಿಚ್ಚಂಗಿಲ್ಲ."

ಮುಂದಿನ ಸಾಲಿನಿಂದ ಒಂದು ಹುಡುಗಿ ದಡಕ್ಕನೆ ಎದ್ದಳು. ಅವಳು ಸುಗರಾ, ಅದೇ ವರ್ಗದವಳು.

"ಹಂಗಾದ್ರ ನಾನೂ ಹೊರಗ ಹೊಕ್ಕೇನ್ರಿ. ಅವ್ವಾರ, ಇಕಿ ಕುಂತು ಕಲಿಸಲಿಲ್ಲಂದ್ರ ನಾ ಈ ಜನ್ಮದಾಗ ಪಾಸ ಆಗ್ತಿದ್ದಿಲ್ಲ. ನಾವು ಆರೂ ಮಂದಿ ಹುಡುಗ್ಯಾರು ಇಕಿಗೆ ಪದ್ಮಕ್ಕ ಅಂತೇವಿ."

ಲಗಮವ್ವ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಳಿಸಿದಳು. ಯಾರದೋ ಮನೆಯ ಹುಡುಗಿ ಇಷ್ಟು ಸಲೀಸಾಗಿ ಕರೆಯುವ ಹೆಸರು ಹಡೆದವಳ ಬಾಯಿಗೆ ಎರಡು ವರ್ಷವಾದರೂ ಬಂದಿರಲಿಲ್ಲ.

ಹುಲ್ಲಪ್ಪ ಹೊಟ್ಟೆ ಹಿಡಿದು ನಕ್ಕ. "ಅಕ್ಕಂತ ಅಕ್ಕ! ಏನ ಮುದುಕಿ, ಹಡದಾಕಿ ನೀನ ಹೇಳು. ಇದು ಗಂಡೋ ಹೆಣ್ಣೋ?"

ಫೋಟೊ ತೆಗೆಯುವ ಚಮನಸಾಬ ಕ್ಯಾಮೆರಾದ ಕರಿ ಅರಿವೆಯೊಳಗಿನಿಂದ ತಲೆ ಹೊರಗೆ ಹಾಕಿದ. ಲಗಮವ್ವ ಪದ್ಮವ್ವನ ಮುಖ ನೋಡಿದಳು. ತಲೆ ಬಗ್ಗಿರಲಿಲ್ಲ.

"ನನ್ನ ಹಟ್ಟ್ಯಾಗ ಮುನ್ನೂರ ಕುರಿ ಅದಾವೋ ತಮ್ಮಾ," ಅಂದಳು. ಇದ್ದದ್ದು ನಲವತ್ತು, ಸಿಟ್ಟು ಬಂದಾಗ ಯಾರ ಕುರಿಗಳಾದರೂ ಈಯುತ್ತವೆ. "ಕಣ್ಣ ಮುಚ್ಚಿ ಮೈಮ್ಯಾಲ ಕೈ ಆಡಿಸಿ ಯಾವ್ದು ಯಾವ್ದಂತ ಹೇಳ್ತೇನಿ. ನನ್ನ ಹೊಟ್ಯಾಗ ಹುಟ್ಟಿದ್ದು ಏನಂತ ನಿನ್ನ ಕೇಳಬೇಕೇನು?"

ಪ್ಯಾಂಟನ್ನು ಅಲ್ಲೇ ಕಟ್ಟೆಯ ಮೇಲೆ ಒಗೆದಳು. ಅಂಗಿಯನ್ನು ಮಡಚಿ, ಮತ್ತೆ ಮಡಚಿ, ಗುಳೇದಗುಡ್ಡದ ಖಣದಷ್ಟು ಚೌಕ ಮಾಡಿದಳು. ಮೇಜಿನ ಮೇಲೆ ಅತಿಥಿಗಳಿಗೆಂದು ಇಟ್ಟ ತಾಟಿನಿಂದ ತೆಂಗಿನಕಾಯಿ, ಎಲೆ ಅಡಿಕೆ ಎತ್ತಿಕೊಂಡಳು.

"ಏ ಏ! ಅದು ಸಾಹೇಬರ ಕಾಯಿ!"

"ಸಾಹೇಬರಿಗೆ ಇನ್ನೊಂದು ತರಸು. ನನ್ನ ಮಗಳು ಮೊದಲ ನಂಬರ ಬಂದಾಳ." ಪದ್ಮವ್ವನ ಕಡೆಗೆ ತಿರುಗಿದಳು. "ಉಡಿ ಒಡ್ಡವಾ ಪದ್ಮಾ."

"ಯವ್ವಾ..."

"ಒಡ್ಡ ಅಂದ್ರ ಒಡ್ಡ. ಭಾಳ ತಡಾ ಮಾಡೀನಿ."

ಪದ್ಮವ್ವ ಸೆರಗು ಒಡ್ಡಿದಳು. ಅಂಗಿ ಬಿತ್ತು, ಕಾಯಿ ಬಿತ್ತು. ಅಕ್ಕಿ ಇರಲಿಲ್ಲ; ಹಾಸ್ಟೆಲಿನ ಬಾಕಿಗೆಂದು ತಂದಿದ್ದ ಚೀಲದಿಂದ ಲಗಮವ್ವ ಬಿಳಿಜೋಳವನ್ನೇ ಐದು ಬೊಗಸೆ ಸುರಿದಳು. ಸೊಂಟದ ಸಂಚಿಯಿಂದ ಬೀರಪ್ಪನ ಭಂಡಾರ ತೆಗೆದು, ಹಣೆಯ ಮೇಲಿದ್ದ ಎಲ್ಲಮ್ಮನ ಭಂಡಾರದ ಮೇಲೆಯೇ ಹಚ್ಚಿದಳು. ಎರಡೂ ಒಂದೇ ಹಳದಿ. ಸುಗರಾ ಒಬ್ಬಳು ಚಪ್ಪಾಳೆ ಹೊಡೆದಳು, ಆಮೇಲೆ ಅಂಗಳಕ್ಕೆ ಅಂಗಳವೇ ಹೊಡೆಯಿತು. ಆ ಸದ್ದಿಗೆ ಬೇವಿನ ಮರದ ಗಿಳಿಗಳು ಎದ್ದು ಇಳಿದದ್ದು ಸೀದಾ ಹರದಾರಿಗಟ್ಟಲೆ ದೂರದ ಶಿವಯೋಗ ಮಂದಿರದ ಹೊಳೆಯ ದಂಡೆಗೆ.

ಪ್ರಿನ್ಸಿಪಾಲರು ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡಿದ್ದರು. "ಹುಲ್ಲಪ್ಪ, ನಿನಗ ಮೂರು ಮಂದಿ ಹೆಣ್ಣಮಕ್ಕಳು. ಉಡಿ ತುಂಬಿಸ್ಕೊಂಡಾಕಿನ್ನ ಬಾಗಲದಿಂದ ಹೊರಗ ಹಾಕ್ತೀಯೇನು?"

ಹುಲ್ಲಪ್ಪ ಒಳಗೆ ಹೋಗಿ ತಾನೇ ಒಂದು ಕುರ್ಚಿ ಹೊತ್ತು ತಂದು ಸುಗರಾಳ ಪಕ್ಕ ಇಟ್ಟ. ಧೂಳು ಸಹ ಒರೆಸಿದ.

"ಪದ್ಮವ್ವಾರ, ಸರ್ಟಿಫಿಕೇಟ ಕೈಯಾಗ ಹಿಡೀರಿ," ಚಮನಸಾಬ ಕೂಗಿದ.

"ಎರಡೂ ಕೈ ತುಂಬ್ಯಾವ್ರಿ ಕಾಕಾ!"

"ಹಂಗಾದ್ರ ಹಂಗ ಇರ್ರಿ. ಅವ್ವಾ, ನೀವು ಜರಾ ಸರೀರಿ."

ಲಗಮವ್ವ ಅರ್ಧ ಹೆಜ್ಜೆ ಸರಿದಳು, ಅದಕ್ಕಿಂತ ಹೆಚ್ಚು ಸರಿಯಲಿಲ್ಲ.

ಆ ಫೋಟೊ ಗೋಡೆಗೆ ಏರಿತು. ಮುಂದಿನ ಸಾಲಿನಲ್ಲಿ ಏಳು ಕುರ್ಚಿ. ಐವರ ಕೈಯಲ್ಲಿ ಒಂದೊಂದು ಸರ್ಟಿಫಿಕೇಟಿನ ಸುರುಳಿ, ಸುಗರಾಳ ಕೈಯಲ್ಲಿ ಎರಡು. ಏಳನೆಯವಳು ಎರಡೂ ಕೈಯಿಂದ ಸೆರಗು ಹಿಡಿದು ಕೂತಿದ್ದಾಳೆ, ಅದರೊಳಗೆ ಕಾಯಿ ಗುಂಡಗೆ ಕಾಣುತ್ತದೆ. ಅವಳ ಪಕ್ಕದಲ್ಲಿ, ಚೌಕಟ್ಟಿನ ಅಂಚಿಗೆ, ಕರಿ ಕಂಬಳಿ ಹೊದ್ದ ಒಂದು ಹೆಗಲು.

ನಂಬಿದವರು ಈಗ ನನಗೊಂದು ಚಹಾ ಹೇಳಿ. ನಂಬದವರು ಎರಡು ಹೇಳಿ, ಜೊತೆಗೆ ಒಂದು ಪ್ಲೇಟು ಮಿರ್ಚಿ.