ಹದಿನೇಳನೆಯ ಬಿಲ್ಲೆ

ಎಡಗಾಲನ್ನು ಮೊದಲು ಎತ್ತದೆ ಅವರು ಎಲ್ಲಿಗೂ ಹೊರಟವರಲ್ಲ. ಸಂಸತ್ ಭವನದ ಮೆಟ್ಟಿಲು ಹತ್ತಿ ಬಂದವರಿಗೆ ಬಲಗಡೆಯಲ್ಲಿ ಸಿಗುತ್ತಿದ್ದ ಸಾಮಾನು ಕೋಣೆಯಲ್ಲಿ, ಮುಂದಿನ ಮರದ ಕೌಂಟರಿನಿಂದ ಹಿಂದಿನ ಗೋಡೆಯ ಗೂಟಗಳವರೆಗೆ ಇದ್ದದ್ದು ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಗಳನ್ನು ಅವರು ಕವಾಯತು ಮೈದಾನದ ಗಾಂಭೀರ್ಯದಿಂದಲೇ ಇಟ್ಟು, ಗೋಡೆಯ ಹತ್ತಿರ ಒಂದು ಕ್ಷಣ ನಿಂತು, ನಮ್ಮ ಕೊಡೆಯನ್ನೋ ಕೈಚೀಲವನ್ನೋ ಗೂಟಕ್ಕೆ ತಗುಲಿಸಿ, ಹಿಮ್ಮಡಿಯ ಮೇಲೆ ಗರ್ರನೆ ತಿರುಗಿ, ಮತ್ತೆ ಅಷ್ಟೇ ಹೆಜ್ಜೆಗಳಲ್ಲಿ ಮರಳಿ ಬಂದು, ಹಿತ್ತಾಳೆಯ ಬಿಲ್ಲೆಯೊಂದನ್ನು ಅಂಗೈಯಲ್ಲಿಡುತ್ತಿದ್ದರು. ಬಿಲ್ಲೆಯ ಮೇಲೆ ಗೂಟದ ಸಂಖ್ಯೆ. "ಬಿಲ್ಲೆ ಕಳ್ಕೋಬೇಡಿ" ಎಂಬುದು ಅದರ ಜೊತೆಗೆ ತಪ್ಪದೆ ಬರುತ್ತಿದ್ದ ಮಾತು. ಮಂತ್ರಿಗೂ ಅದೇ, ಅರ್ಜಿ ಹಿಡಿದು ಬಂದ ಮುದುಕಿಗೂ ಅದೇ. ದೇಶದಲ್ಲಿ ಕೊಟ್ಟದ್ದು ವಾಪಸು ಬರುವ ಜಾಗ ಇದೊಂದೇ ಎಂದು ಪತ್ರಕರ್ತರಾದ ನಾವು ನಗೆಯಾಡಿಕೊಳ್ಳುತ್ತಿದ್ದೆವು. ಅವರಿಗೆ ಹೆಸರೊಂದು ಇತ್ತು, ಸಂಬಳದ ಪುಸ್ತಕದಲ್ಲಿ. ನಮ್ಮೆಲ್ಲರ ಬಾಯಲ್ಲಿ ಅವರು ಹವಾಲ್ದಾರರು.

ಅವರ ಕೋಟಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ದಪ್ಪ ಕರಿಯ ಕೋಟು, ಅದಕ್ಕೆ ಆರು ಹಿತ್ತಾಳೆಯ ಗುಂಡಿಗಳು, ಗುಂಡಿಗಳ ಮೇಲೆ ಏನೂ ಇಲ್ಲ, ನಯವಾದ ಬರಿ ಹಿತ್ತಾಳೆ. ಹದಿನಾರನೆಯ ವಯಸ್ಸಿಗೆ ಪರರಾಜ್ಯದ ಸೈನ್ಯ ಸೇರಿ, ಪರರ ಯುದ್ಧವೊಂದನ್ನು ಪರರ ಮರಳುಗಾಡಿನಲ್ಲಿ ಹೋರಾಡಿ ಬಂದ ಕಾಲದಲ್ಲಿ ಆ ಗುಂಡಿಗಳ ಮೇಲೆ ಕಿರೀಟವಿತ್ತಂತೆ. ಸ್ವಾತಂತ್ರ್ಯ ಬಂದ ದಿನ ಊರಿಗೆ ಊರೇ ಬೀದಿಯಲ್ಲಿ ಕುಣಿಯುತ್ತಿದ್ದರೆ, ಇವರು ಬ್ಯಾರಕ್ಕಿನ ಕಲ್ಲುಮೆಟ್ಟಿಲ ಮೇಲೆ ಕೂತು, ಬೆಳಗಿನಿಂದ ಮಧ್ಯಾಹ್ನದವರೆಗೆ ಆರೂ ಕಿರೀಟಗಳನ್ನು ಉಜ್ಜಿ ಅಳಿಸಿದರು. ಆಮೇಲೆ ಗಣರಾಜ್ಯದ ಲಾಂಛನ ಬಂತು. ಸರ್ಕಾರ ಬದಲಾದಂತೆ ಲಾಂಛನವೂ ಬದಲಾಯಿತು. ಪ್ರತಿಸಲವೂ ಉಗ್ರಾಣದಿಂದ ಕಾಗದದ ಪೊಟ್ಟಣದಲ್ಲಿ ಹೊಸ ಗುಂಡಿಗಳು ಬಂದವು, ಬಂದ ಹಾಗೆಯೇ ಮೇಜಿನ ಖಾನೆ ಸೇರಿದವು. ಯಾಕೆ ಹೊಲಿಸಿಕೊಳ್ಳಲಿಲ್ಲವೆಂದು ಒಮ್ಮೆ ಕೇಳಿದ್ದೆ. "ಕಿರೀಟ ಉಜ್ಜೋಕೆ ಅರ್ಧ ದಿನ ಹಿಡೀತು ಸ್ವಾಮಿ. ಇನ್ನೊಂದ್ಸಲ ಉಜ್ಜೋಕೆ ಬೆರಳಲ್ಲಿ ಕಸುವಿಲ್ಲ" ಎಂದಿದ್ದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಸ್ವತಂತ್ರ ದೇಶದ ಹೊಸ ಸೈನ್ಯಕ್ಕೆ ಅವರು ಕವಾಯತು ಕಲಿಸಿದರು. ಮುಂದೆ ಕರ್ನಲ್ಲು ಜನರಲ್ಲುಗಳಾದ ಎಷ್ಟೋ ಮಂದಿ ಅವರ ಗಂಟಲಿಗೆ ಹೆದರಿ ಬೂಟು ಸವೆಸಿದವರೇ. ನಿವೃತ್ತರಾದ ಮೇಲೆ ಈ ಬಾಗಿಲ ಕೆಲಸಕ್ಕೆ ಬಂದರು. ಕೋಣೆಯ ಗೋಡೆಯ ಮೇಲೆ ಮೊದಲ ಸಭಾಧ್ಯಕ್ಷರು ಸಹಿ ಮಾಡಿದ ಏಳು ನಿಯಮಗಳ ಪಟ್ಟಿಯೊಂದು ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಮೂರನೆಯದು: ಆಯುಧ ಧರಿಸಿದ ಯಾರಿಗೂ ಸಭೆಯೊಳಗೆ ಪ್ರವೇಶವಿಲ್ಲ. ಯಾರಾದರೂ ಗೊಣಗಿದರೆ ಆ ಪಟ್ಟಿಯ ಕಡೆ ಗದ್ದ ಎತ್ತಿ ತೋರಿಸಿ, "ನಿಯಮ ನನ್ನದಲ್ಲ, ಬಾಗಿಲಿನದು" ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಇರಲಿಲ್ಲ. ಆರು ವರ್ಷದ ಮಗನನ್ನು ಕೈಗಿಟ್ಟು ಆಕೆ ತೀರಿಕೊಂಡಿದ್ದರು. ತಲೆ ಬಾಚುವುದರಿಂದ ಹಿಡಿದು ಬೂಟು ಕಟ್ಟುವುದರವರೆಗೆ ಎಲ್ಲವನ್ನೂ ತಾವೇ ಕಲಿಸಿ ಬೆಳೆಸಿದ ಆ ಮಗ ಕ್ಯಾಪ್ಟನ್ ಆದ ದಿನ, ಹವಾಲ್ದಾರರು ನಮಗೆಲ್ಲ ಚಹ ಕೊಡಿಸಿ, ಯಾಕೆಂದು ಮಾತ್ರ ಹೇಳದೆ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಸೇನೆಯ ಮುಖ್ಯಸ್ಥನಾಗಿದ್ದ ಜನರಲ್ಲು ಒಮ್ಮೆ ಅಧಿವೇಶನದ ಉದ್ಘಾಟನೆಗೆ ಬಂದಿದ್ದ. ಎದೆಯ ತುಂಬ ಪದಕ, ಸೊಂಟದಲ್ಲಿ ಬೆಳ್ಳಿ ಹಿಡಿಯ ಕತ್ತಿ. ಹವಾಲ್ದಾರರು ಕೈಚಾಚಿದರು. ಇದು ಅಲಂಕಾರದ ಕತ್ತಿ ಕಣಯ್ಯಾ, ಬೆಣ್ಣೆಯನ್ನೂ ಕೊಯ್ಯುವುದಿಲ್ಲ ಎಂದು ಜನರಲ್ಲು ನಕ್ಕ. ಚಾಚಿದ ಕೈ ಚಾಚಿಯೇ ಇತ್ತು. ನಾಲ್ಕು ಜನರ ಮುಂದೆ ಮುಖ ಕೆಡಿಸಿಕೊಳ್ಳಲಾರದೆ ಕತ್ತಿ ಬಿಚ್ಚಿಕೊಟ್ಟು ಬಿಲ್ಲೆ ಪಡೆದ. ಹೊರಡುವಾಗ ಮರೆತ. ಸಂಜೆ ಕತ್ತಿ ಕೇಳಲು ಬಂದ ಅವನ ಸಹಾಯಕನನ್ನು, ಬಿಲ್ಲೆಯಿಲ್ಲವೆಂಬ ಒಂದೇ ಕಾರಣಕ್ಕೆ ಹವಾಲ್ದಾರರು ಬರಿಗೈಯಲ್ಲಿ ಕಳಿಸಿದರು. ಮಾರನೆಯ ದಿನ ಜನರಲ್ಲು ತಾನೇ ಬಂದು, ಜೇಬಿನಿಂದ ಬಿಲ್ಲೆ ತೆಗೆದು ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿ ಕತ್ತಿ ಒಯ್ಯಬೇಕಾಯಿತು. ನಾವು ಆ ಸುದ್ದಿಯನ್ನು ನಗೆಬರಹ ಮಾಡಿ ಅಚ್ಚುಹಾಕಿದೆವು. ನಕ್ಕು ಮರೆತವರು ನಾವು, ಅವನು ಮರೆಯಲಿಲ್ಲ.

ಐದು ವರ್ಷಗಳ ಮೇಲೆ, ಆ ಜನರಲ್ಲನನ್ನೇ ಹುದ್ದೆಯಿಂದ ಕಿತ್ತುಹಾಕುವ ನಿರ್ಣಯ ಸಭೆಯ ಮುಂದೆ ಬಂತು. ಮತದಾನದ ಬೆಳಿಗ್ಗೆ ಸಣ್ಣ ಹನಿ ಬೀಳುತ್ತಿತ್ತು. ತಡವಾಗಿ ಓಡೋಡಿ ಬಂದ ನಾನು ಒದ್ದೆ ಕೊಡೆಯನ್ನು ಕೌಂಟರಿನ ಮೇಲಿಟ್ಟು ಹದಿನಾರನೆಯ ಬಿಲ್ಲೆಯನ್ನು ಜೇಬಿಗಿಳಿಸುತ್ತಿದ್ದಾಗ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಮೂವತ್ತು ಮಂದಿ ಬಂದೂಕಿನ ಸಿಪಾಯಿಗಳು. ಮುಂದೆ ಒಬ್ಬ ಕ್ಯಾಪ್ಟನ್. ಹವಾಲ್ದಾರರ ಮಗ.

ಬಾಗಿಲಿಗೆ ಬೇರೆ ಕಾವಲಿರಲಿಲ್ಲ. ಮಗ ತಂದೆಯ ಕಡೆ ನೋಡದೆ ನಡೆದುಹೋಗಿದ್ದರೆ ತಡೆಯುವವರಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಒಂದೇ ತಟ್ಟೆಯ ಮುಂದೆ ಕೂತು ಉಂಡವರು, ನೋಡದಿರಲು ಆಗಲಿಲ್ಲ. ಕೌಂಟರಿನ ಹಿಂದೆ ಹವಾಲ್ದಾರರು ಕೈಚಾಚಿ ನಿಂತಿದ್ದರು.

"ಅಪ್ಪಾ, ಬೇಡ. ನನಗೆ ಆರ್ಡರ್ ಆಗಿದೆ."

"ಆಗಿರಬಹುದು ಸಾಹೇಬರೇ. ಆಯುಧ ಇಟ್ಕೊಂಡು ಒಳಗೆ ಹೋಗೋ ಹಾಗಿಲ್ಲ. ನಿಯಮ ನನ್ನದಲ್ಲ, ಬಾಗಿಲಿನದು."

ಮಗನನ್ನು ಅವರು ಸಾಹೇಬರೇ ಎಂದು ಕರೆದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಕ್ಯಾಪ್ಟನ್ ಸೊಂಟದ ಪಿಸ್ತೂಲನ್ನು ಬಿಚ್ಚಿ ಕೌಂಟರಿನ ಮೇಲಿಟ್ಟ. ಯಾರೂ ಕೇಳದಿದ್ದರೂ ತಲೆಯ ಟೋಪಿಯನ್ನೂ ತೆಗೆದು ಅದರ ಪಕ್ಕದಲ್ಲಿಟ್ಟ. ಹವಾಲ್ದಾರರು ಎರಡನ್ನೂ ಎತ್ತಿಕೊಂಡು, ನಾಲ್ಕು ಹೆಜ್ಜೆ ನಡೆದು, ನನ್ನ ಕೊಡೆಯ ಪಕ್ಕದ ಗೂಟಕ್ಕೆ ತಗುಲಿಸಿ, ನಾಲ್ಕು ಹೆಜ್ಜೆ ಮರಳಿ ಬಂದು, ಹದಿನೇಳನೆಯ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಮ್ಮ ಕೈಯಿಂದಲೇ ಮಡಿಸಿದರು.

"ಕಳ್ಕೋಬೇಡ ಮಗಾ" ಎಂದರು.

ಕ್ಯಾಪ್ಟನ್ ತನ್ನ ಸಿಪಾಯಿಗಳಿಗೆ ಇದ್ದಲ್ಲೇ ನಿಲ್ಲಲು ಹೇಳಿ, ಬರಿತಲೆಯಲ್ಲಿ ಒಳಗೆ ಹೋಗಿ, ಗೋಡೆಗೊರಗಿ ನಿಂತುಬಿಟ್ಟ. ಸಭಾಧ್ಯಕ್ಷರು ತಲೆಯೆತ್ತಿ ನೋಡಿದರು, ಮತ ಎಣಿಸುವುದನ್ನು ಮುಂದುವರಿಸಿದರು. ಹದಿನಾಲ್ಕು ನಿಮಿಷ. ನಿರ್ಣಯ ಅಂಗೀಕಾರವಾಯಿತೆಂದು ಘೋಷಿಸಿ, ನಡಾವಳಿಗೆ ಅವರು ಸಹಿ ಹಾಕಿದ ಮೇಲೆಯೇ ಹಿಂದಿನ ಬಾಗಿಲಿನಿಂದ ಇನ್ನೊಂದು ತುಕಡಿ ನುಗ್ಗಿತು. ಮಿಕ್ಕದ್ದು ಎಲ್ಲರಿಗೂ ಗೊತ್ತಿರುವ ಕಥೆ: ಸಭೆಗೆ ಬೀಗ, ಪತ್ರಿಕೆಗಳಿಗೆ ಬೀಗ, ಹನ್ನೊಂದು ವರ್ಷ ಜನರಲ್ಲನದೇ ರಾಜ್ಯ. ಸಂಜೆಯೊಳಗೆ ಪಿಸ್ತೂಲನ್ನು ಸಾಕ್ಷಿಯೆಂದು ಒಯ್ದರು. ಟೋಪಿ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅದು ಗೂಟದಲ್ಲೇ ಉಳಿಯಿತು. ಕರ್ತವ್ಯದ ಸ್ಥಳದಲ್ಲಿ ಆಯುಧ ಒಪ್ಪಿಸಿದ ತಪ್ಪಿಗೆ ಕ್ಯಾಪ್ಟನ್ನಿಗೆ ಸೈನಿಕ ನ್ಯಾಯಾಲಯ ಜೀವಾವಧಿ ವಿಧಿಸಿತು. ಮೂರನೆಯ ವರ್ಷ ಸೆರೆಮನೆಯಲ್ಲಿ ತೀರಿಕೊಂಡ. ಜ್ವರ ಎಂದರು.

ಹವಾಲ್ದಾರರನ್ನು ಎಂಟು ತಿಂಗಳು ಒಳಗಿಟ್ಟು ಬಿಟ್ಟರು. ಬಿಡುಗಡೆಯಾದವರು ನೇರವಾಗಿ ಸೊಸೆಯ ಮನೆಗೆ ಹೋದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆ ಬಾಗಿಲಲ್ಲೇ ನಿಂತು, ನಿಮ್ಮ ನಿಯಮ ನಿಮಗಿರಲಿ, ಇನ್ನು ಈ ಕಡೆ ಬರಬೇಡಿ ಎಂದಳಂತೆ. ಆಮೇಲೆ ಗಂಡನ ಸಾವಿನ ಸುದ್ದಿಯನ್ನೂ ಆಕೆ ತಿಳಿಸಲಿಲ್ಲ. ಅವರು ಅದನ್ನು ತಿಳಿದದ್ದು ರೈಲು ನಿಲ್ದಾಣದಲ್ಲಿ, ಮಗನ ಜೊತೆಗಿದ್ದ ಸಿಪಾಯಿಯೊಬ್ಬನ ಬಾಯಿಂದ. ಆ ವೇಳೆಗೆ ಅವರು ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆ ಗಂಟುಗಳನ್ನು ಕಾಯುವ ಕೆಲಸ ಹಿಡಿದಿದ್ದರು. ಅದೇ ಕೋಟು, ಅಂಥದೇ ಬಿಲ್ಲೆ, ಅದೇ ಮಾತು. ಪತ್ರಿಕೆ ಮುಚ್ಚಿ ಊರೂರು ಅಲೆಯುತ್ತಿದ್ದ ನನ್ನನ್ನು ಕಂಡು ಬೆಂಚಿನ ಮೇಲೆ ಕೂರಿಸಿಕೊಂಡರು. ಬಹಳ ಹೊತ್ತು ರೈಲುಗಳ ವಿಚಾರ ಮಾತಾಡಿ, ಇದ್ದಕ್ಕಿದ್ದಂತೆ, "ಮಗ ಅಂತ ಬಿಟ್ಟುಬಿಟ್ಟಿದ್ರೆ ಬದುಕಿರ್ತಿದ್ದ ಅಲ್ವಾ ಸ್ವಾಮಿ?" ಎಂದು ಕೇಳಿದರು. ಒಂದು ಕಾಲಕ್ಕೆ ದಿನಕ್ಕೆ ಎರಡು ಅಂಕಣ ಬರೆಯುತ್ತಿದ್ದ ನಾನು, ಮುಂದಿನ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಜನರಲ್ಲು ಉರುಳಿ ಸಭೆ ಮತ್ತೆ ತೆರೆದಾಗ, ಬದುಕುಳಿದ ಹಳೆಯ ಸದಸ್ಯರೊಬ್ಬರು ಅವರನ್ನು ನೆನಪಿಟ್ಟು ಕರೆಸಿದರು. ವಯಸ್ಸು ಅರವತ್ತೈದು ದಾಟಿತ್ತು. ವಿಶೇಷ ಆದೇಶದ ಮೇಲೆ ಬಂದರು. ಸಾಮಾನು ಕೋಣೆಯ ಬೀಗ ತೆಗೆದಾಗ ಹನ್ನೊಂದು ವರ್ಷದ ಧೂಳಿನಲ್ಲಿ ಎಲ್ಲ ಇದ್ದಂತೆಯೇ ಇತ್ತು. ನಾನು ಸಂಭ್ರಮದಿಂದ ನನ್ನ ಕೊಡೆಯತ್ತ ಕೈತೋರಿಸಿದೆ. ಅವರು ಬಿಲ್ಲೆ ಎಲ್ಲಿ ಎಂದರು. ಹನ್ನೊಂದು ವರ್ಷವಾಯಿತಲ್ಲ ಹವಾಲ್ದಾರರೇ, ಎಲ್ಲೋ ಕಳೆದುಹೋಯಿತು ಎಂದೆ. "ಕೊಡೆ ಎಲ್ಲೂ ಹೋಗಿಲ್ಲ ನೋಡಿ. ಬಿಲ್ಲೆಗೇನು ಕಾಲು ಬಂದಿತ್ತಾ?" ಎಂದು ನನ್ನಿಂದ ಅರ್ಜಿ ಬರೆಸಿ, ಇಬ್ಬರ ಸಾಕ್ಷಿ ಹಾಕಿಸಿ, ಕಡ್ಡಿ ಮಾತ್ರ ಉಳಿದಿದ್ದ ಆ ಕೊಡೆಯನ್ನು ಕೊಟ್ಟರು. ಪಕ್ಕದ ಗೂಟದಲ್ಲಿ ಟೋಪಿ ಇತ್ತು. ತಂದೆಯಲ್ಲವೇ, ಮನೆಗೆ ತೆಗೆದುಕೊಂಡು ಹೋಗಿ ಎಂದು ಸಭೆಯ ಕಾರ್ಯದರ್ಶಿಯೇ ಹೇಳಿದರು. ಹವಾಲ್ದಾರರು ತಲೆಯಾಡಿಸಿದರು. "ನನ್ನ ಹತ್ರ ಬಿಲ್ಲೆ ಇಲ್ಲ" ಎಂದರು. ದಿನಾ ಬೆಳಿಗ್ಗೆ ಆ ಟೋಪಿಯ ಧೂಳು ಒರೆಸುವರು, ಮತ್ತೆ ಅಲ್ಲೇ ತೂಗುಹಾಕುವರು.

ಜನರಲ್ಲನ ವಿಚಾರಣೆಯಲ್ಲಿ ಎರಡು ಸಂಗತಿಗಳು ಹೊರಬಂದವು. ಆ ಹದಿನಾಲ್ಕು ನಿಮಿಷಗಳಲ್ಲಿ ಅಂಗೀಕಾರವಾದ ನಿರ್ಣಯದಿಂದಾಗಿ ಅವನು ಆ ಗಳಿಗೆಯಿಂದಲೇ ಸೇನೆಯ ಮುಖ್ಯಸ್ಥನಾಗಿರಲಿಲ್ಲ, ಆದ್ದರಿಂದ ಮುಂದಿನ ಹನ್ನೊಂದು ವರ್ಷದ ಅವನ ಯಾವ ಆಜ್ಞೆಗೂ ಕಾನೂನಿನ ಬಲವಿಲ್ಲ ಎಂದಿತು ನ್ಯಾಯಾಲಯ. ಇನ್ನೊಂದು, ಅವನ ಹಳೆಯ ಸಹಾಯಕ ನುಡಿದ ಸಾಕ್ಷಿ: ಮುಂಬಾಗಿಲಿಗೆ ಆ ಕ್ಯಾಪ್ಟನ್ನನ್ನೇ ಕಳಿಸಿ, ಬಾಗಿಲ ಮುದುಕ ಜನರಲ್ಲನನ್ನಾದರೂ ತಡೆದಾನು, ಹೆತ್ತ ಮಗನನ್ನು ತಡೆಯಲಾರ ಎಂದು ಜನರಲ್ಲು ಹೇಳಿದ್ದನಂತೆ. ಅದನ್ನು ವರದಿ ಮಾಡಿದವನು ನಾನೇ. ಮಾರನೆಯ ದಿನ ಹವಾಲ್ದಾರರು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಕೋಟಿನೊಳಗಿಟ್ಟುಕೊಂಡಿದ್ದರು. "ಪಿಸ್ತೂಲು ನಾನು ಕೇಳಿದ್ದು. ಟೋಪಿ ನಾನು ಕೇಳ್ಲಿಲ್ಲ" ಎಂದರು. ಅಷ್ಟೇ. ಟೋಪಿಯನ್ನು ಮಗ ತಾನಾಗಿಯೇ ತೆಗೆದಿಟ್ಟ ಎಂಬ ಅದೊಂದನ್ನು ಹಿಡಿದುಕೊಂಡು ಅವರು ಜೀವ ಹೊತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು. ಸರ್ಕಾರ ಪದಕ ಕೊಡಲು ಬಂದಾಗ, ಹೊಸ ಗುಂಡಿಗಳಿದ್ದ ಖಾನೆಯಲ್ಲೇ ಅದನ್ನೂ ಇಟ್ಟು ಮುಚ್ಚಿದರು.

ಎರಡು ವರ್ಷ ಕಳೆದಿತ್ತು. ಸಾಧಾರಣವಾದೊಂದು ಕಲಾಪದ ದಿನ, ಹನ್ನೊಂದು ಗಂಟೆಯ ಹೊತ್ತು, ಸಂದರ್ಶಕರ ಸಾಲಿನಲ್ಲಿ ನನ್ನ ಮುಂದೆ, ಕಿವಿಯ ಬಳಿ ಕೂದಲು ನೆರೆತ ಹೆಂಗಸೊಬ್ಬಳು ನಿಂತಿದ್ದಳು. ತನ್ನ ಸರದಿ ಬಂದಾಗ ಏನನ್ನೂ ಒಪ್ಪಿಸಲಿಲ್ಲ. ಮಡಿಸಿದ ಕರವಸ್ತ್ರ ಬಿಚ್ಚಿ ಹಿತ್ತಾಳೆಯ ಬಿಲ್ಲೆಯೊಂದನ್ನು ಕೌಂಟರಿನ ಮೇಲಿಟ್ಟಳು. ಹವಾಲ್ದಾರರು ಸಂಖ್ಯೆ ನೋಡಿದರು, ಆಕೆಯ ಮುಖ ನೋಡಿದರು. ಸೊಸೆ.

ಅವರು ಹೊರಟರು, ಎಡಗಾಲನ್ನೇ ಮೊದಲು ಎತ್ತಿ. ಆದರೆ ಗೋಡೆಯನ್ನು ಮುಟ್ಟಲು ಅಂದು ನಾಲ್ಕು ಹೆಜ್ಜೆ ಸಾಲಲಿಲ್ಲ, ಹಿಮ್ಮಡಿಯ ಮೇಲೆ ತಿರುಗಲೂ ಆಗಲಿಲ್ಲ. ಗೋಡೆ ಹಿಡಿದುಕೊಂಡು ತಿರುಗಿದರು. ಟೋಪಿಯನ್ನು ಕೋಟಿನ ತೋಳಿನಿಂದ ಒರೆಸಿ ಕೌಂಟರಿನ ಮೇಲಿಟ್ಟು, ಪುಸ್ತಕ ತಿರುಗಿಸಿ ಸಹಿಯ ಜಾಗ ತೋರಿಸಿದರು. ಆಕೆ ಸಹಿ ಮಾಡಿದಳು. ಟೋಪಿಯನ್ನು ಎದೆಗೊತ್ತಿಕೊಂಡಳು.

"ಅವರ ಅಂಗಿಯ ಅಂಚಿನೊಳಗೆ ಇಟ್ಟು ಹೊಲಿದಿತ್ತು ಮಾವ, ಸೆರೆಮನೆಯವರು ಕೊಟ್ಟ ಗಂಟಲ್ಲಿ. ಇಷ್ಟು ವರ್ಷ ಸಿಟ್ಟಿನಲ್ಲಿ ನಾನೇ ಇಟ್ಕೊಂಡಿದ್ದೆ. ಕಳ್ಕೋಬೇಡ ಅಂದಿದ್ರಂತೆ ನೀವು. ಅವರು ಕಳ್ಕೊಳ್ಳಲಿಲ್ಲ."

ಹವಾಲ್ದಾರರು ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತರು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಸೊಸೆ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಹೋಗಿ ಕೂತಳು, ಕಲಾಪ ಮುಗಿಯುವವರೆಗೂ ಕಾಯುವವಳಂತೆ. ಅವರು ಆ ಬಿಲ್ಲೆಯನ್ನು ಖಾಲಿಯಾದ ಗೂಟಕ್ಕೆ ತೂಗುಹಾಕಿ ಬಂದು, ನನ್ನ ಕಡೆ ಕೈಚಾಚಿದರು. ಕೊಡೆ ಕೊಟ್ಟೆ. ಸಿಕ್ಕಿದ್ದು ಹದಿನೇಳನೆಯ ಬಿಲ್ಲೆಯೇ.

ನಮ್ಮಂಥ ದೇಶಗಳ ಚರಿತ್ರೆಯನ್ನು ಬರೆಯುವವರು ಬಾಗಿಲು ಒಡೆದವರ ಹೆಸರನ್ನೂ, ಒಡೆದ ಬಾಗಿಲನ್ನು ಮತ್ತೆ ನಿಲ್ಲಿಸಿದವರ ಹೆಸರನ್ನೂ ಬರೆದಿಡುತ್ತಾರೆ, ನಾನೂ ಬರೆದಿದ್ದೇನೆ. ಒಪ್ಪಿಸಿದ್ದನ್ನು ಒಪ್ಪಿಸಿದವರಿಗೇ ಮರಳಿಸಬೇಕೆಂಬ ಒಂದು ಸಣ್ಣ ಕೆಲಸಕ್ಕೆ ಜೀವವನ್ನೇ ಅಡವಿಟ್ಟು ನಿಲ್ಲುವ ಮಂದಿ ಆ ಪುಟಗಳಲ್ಲಿ ಕಾಣುವುದಿಲ್ಲ, ಕಾಣಬೇಕೆಂದು ಅವರು ಬಯಸಿದ್ದೂ ಇಲ್ಲ. ದೇಶ ಅವರ ಕೈಯಲ್ಲಿ ಉಳಿಯುತ್ತದೆ, ಅವರ ಮನೆ ಬರಿದಾಗುತ್ತದೆ, ನಾವು ಕೊಡೆ ಕೊಟ್ಟು ಒಳಗೆ ಹೋಗುತ್ತೇವೆ. ಮತದಾನದ ಆ ಬೆಳಿಗ್ಗೆ ಹವಾಲ್ದಾರರು ಅಕ್ಕಪಕ್ಕದ ಎರಡು ಬಿಲ್ಲೆಗಳನ್ನು ಇಬ್ಬರ ಕೈಗಿತ್ತಿದ್ದರು. ಬೀದಿಯಲ್ಲಿ ಕೈಬೀಸಿಕೊಂಡು ಓಡಾಡುತ್ತಿದ್ದ ನಾನು ನನ್ನದನ್ನು ಕಳೆದುಕೊಂಡೆ. ಸೆರೆಯಲ್ಲಿ ಸತ್ತವನು ತನ್ನದನ್ನು ಉಳಿಸಿದ.